ಹಿತ್ತಲಿನಲ್ಲಿ ಕಳೆದ ಎರಡು ದಿನ

ಮನೆ ಎಂದರೆ ನಾಲ್ಕು ಗೋಡೆ, ಮೇಲೊಂದು ಮಾಳಿಗೆ, ಒಳಗೊಂದು ದೇವರ ಜಗಲಿ ಎಂದು ನಾವು ಬಹುಕಾಲ ತಿಳಿದಿದ್ದೆವು. ಹಿತ್ತಲೂ ಮನೆಯ ಪಾಲೇ, ಅಲ್ಲಿಯೂ ಒಂದು ಸಂಸಾರ ನಡೆದಿರುತ್ತದೆ ಎಂಬುದು ನಮ್ಮ ಗಮನಕ್ಕೆ ಬಂದದ್ದು ಅದನ್ನು ಮಾರುವ ಮಾತು ಎದ್ದ ಮೇಲೆ.

ಕುರುಗೋಡಿನಲ್ಲಿ ನಮ್ಮ ತಂದೆಯವರ ಕಾಲದ ಮಾಳಿಗೆ ಮನೆಯಿದೆ. ತಾಯಿಯವರು ಲಿಂಗೈಕ್ಯರಾದ ಮೇಲೆ ಅದಕ್ಕೆ ಬೀಗ ಬಿದ್ದಿತು. ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದ ನಾವು ಮಡದಿಯೊಡನೆ ಬಳ್ಳಾರಿಯಲ್ಲಿ ನೆಲೆಸಿದ್ದೇವೆ, ಮಗ ಬೆಂಗಳೂರಿನಲ್ಲಿದ್ದಾನೆ. ಬೀಗ ಹಾಕಿದ ಮನೆಯನ್ನು ಎಷ್ಟು ದಿನ ಕಾಯುವುದು? ಶ್ರಾವಣ ಕಳೆದ ಮೇಲೆ ಬಂದು ನೋಡುತ್ತೇವೆಂದು ಒಬ್ಬ ಗಿರಾಕಿ ಹೇಳಿ ಕಳಿಸಿದ್ದರು. ಅವರಿಗೆ ಮನೆ ಬೇಕಿರಲಿಲ್ಲ, ಜಾಗ ಬೇಕಿತ್ತು; ಹಳೆಯದನ್ನು ಕೆಡವಿ ಅಂಗಡಿ ಸಾಲು ಎತ್ತುವ ವಿಚಾರ ಅವರದು. ಕುರುಗೋಡು ತಾಲೂಕು ಕೇಂದ್ರವಾದ ಮೇಲೆ ಜಾಗಕ್ಕೆ ಬೆಲೆ ಬಂದಿದೆ. ನೋಡುವವರ ಕಣ್ಣಿಗೆ ಹಿತ್ತಲು ಹಸನಾಗಿ ಕಾಣಲೆಂದು ನಾವಿಬ್ಬರೂ ಕಳೆದ ಶ್ರಾವಣದಲ್ಲಿ, ಪಂಚಮಿ ಹಬ್ಬ ಮುಗಿದ ಮುಂದಿನ ವಾರ, ಶನಿವಾರ ಬೆಳಗಿನ ಬಸ್ಸು ಹತ್ತಿದೆವು. ಕೈಯಲ್ಲಿ ಹಬ್ಬಕ್ಕೆ ಕಟ್ಟಿದ ಶೇಂಗಾ ಉಂಡಿಯ ಡಬ್ಬಿ, ಚೀಲದಲ್ಲಿ ಕುರುಪಿ, ಕುಡುಗೋಲು, ಎರಡು ಜೊತೆ ಹಳೆಯ ಬಟ್ಟೆ.

ಬಳ್ಳಾರಿಯಿಂದ ಕುರುಗೋಡು ಮೂವತ್ತು ಕಿಲೋಮೀಟರಿನೊಳಗಿನ ದಾರಿ. ಮಳೆ ಕಡಿಮೆಯಾದ ಸೀಮೆಯಿದು. ಆದರೆ 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿಯತೊಡಗಿದ ಮೇಲೆ ಜೋಳದ ಎರೆಹೊಲಗಳು ಎಷ್ಟೋ ಕಡೆ ಭತ್ತದ ಗದ್ದೆಗಳಾದವು. ಕಾಲುವೆಯಲ್ಲಿ ನೀರು ಕಂಡರೆ ಈ ಭಾಗದ ಜನರ ಮುಖದಲ್ಲಿ ಕಳೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ನೀರೆಲ್ಲ ಹೊಳೆಗೆ ಹೋಯಿತೆಂದು ಕೇಳಿದಾಗ ಇಲ್ಲಿ ಎಷ್ಟು ಮನೆಗಳಲ್ಲಿ ಒಲೆ ತಣ್ಣಗಾಗಿತ್ತೆಂಬುದನ್ನು ಬಲ್ಲವರೇ ಬಲ್ಲರು. ದಾರಿಯುದ್ದಕ್ಕೂ ಹಸಿರು ನೋಡುತ್ತ, ಬೆಟ್ಟದ ಬಂಡೆಗಳು ಕಾಣತೊಡಗಿದಾಗ ಊರು ಬಂತೆಂದು ಎದ್ದು ನಿಂತೆವು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದ ಮನೆತನದವರು ಆಳಿದ ಊರು ಇದು. ಇಳಿದವರೇ ಮೊದಲು ದೊಡ್ಡಬಸವೇಶ್ವರ ದೇವಸ್ಥಾನಕ್ಕೆ ಹೋಗಿ ಏಕಶಿಲೆಯ ಆ ಮಹಾನಂದಿಗೆ ನಮಸ್ಕರಿಸಿ, ನಂತರ ಒಂದು ಸಣ್ಣ ಹೋಟೆಲಿನಲ್ಲಿ ಉಗ್ಗಾಣಿ, ಮೆಣಸಿನಕಾಯಿ ತಿಂದೆವು. ನೆನೆಸಿದ ಮಂಡಕ್ಕಿಗೆ ಪುಠಾಣಿ ಹಿಟ್ಟು ಹಾಕಿ ಒಗ್ಗರಿಸುವ ಈ ತಿಂಡಿಯ ಸವಿ ಬಳ್ಳಾರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರು ಬಂದೇ ತಿನ್ನಬೇಕು.

ಹಿತ್ತಲಿನ ಬಾಗಿಲು ತೆರೆದರೆ ಒಳಗೆ ಕಾಲಿಡಲು ಜಾಗವಿಲ್ಲ. ಹಿಂದಿನ ಪೌಳಿಯ ಗುಂಟ ಜಾಲಿ ಬೆಳೆದು ನಿಂತಿತ್ತು. ಕರ್ನಾಟಕದವರೆಲ್ಲ ಇದನ್ನು ಬಳ್ಳಾರಿ ಜಾಲಿ ಎನ್ನುತ್ತಾರೆ. ನಮ್ಮ ಊರಿನ ಹೆಸರು ಹೊತ್ತಿದ್ದರೂ ಇದು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಈ ಮರವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಬರಡು ನೆಲಕ್ಕೆ ಹಸಿರೂ ಬಡವರಿಗೆ ಸೌದೆಯೂ ಆದೀತೆಂದು ಇಲ್ಲಿಗೆ ತಂದರು. ಸೌದೆಯೇನೋ ಆಯಿತು. ದನಗಳು ಅದರ ಸಿಹಿ ಕಾಯಿ ತಿಂದು ಹೋದಲ್ಲೆಲ್ಲ ಸಗಣಿಯೊಡನೆ ಬೀಜ ಬಿತ್ತಿದವು. ಕೆರೆಯಂಗಳ, ಗೋಮಾಳ, ಹೊಲದ ಬದು, ಕಡೆಗೆ ನಮ್ಮ ಹಿತ್ತಲು, ಎಲ್ಲವೂ ಅದರ ಪಾಲಾದವು. ಬರಿದೇ ಕಡಿದರೆ ಇದು ಸಾಯುವುದಿಲ್ಲ. ಒಂದು ಕೊಂಬೆ ಇದ್ದಲ್ಲಿ ಹತ್ತು ಚಿಗುರು ಒಡೆಯುತ್ತವೆ. ಬುಡದ ಸುತ್ತ ಮಣ್ಣು ಬಿಡಿಸಿ, ನೆಲದೊಳಗೆ ಗೇಣುದ್ದ ಇಳಿದು, ಚಿಗುರುವ ಗಡ್ಡೆಯ ಕೆಳಗೆ ಕತ್ತರಿಸಬೇಕು. ಕೂಲಿಗೆ ಬಂದ ಓಣಿಯ ಇಬ್ಬರು ಹುಡುಗರು ಅರ್ಧ ದಿನ ದುಡಿದು ನಾಲ್ಕು ಬುಡ ಕಿತ್ತರು. ಒಂದು ಮುಳ್ಳು ನಮ್ಮ ಅಂಗೈಗೂ ತನ್ನ ಗುರುತು ಬಿಟ್ಟಿತು. ಒಂದು ವಾರ ಬಾತಿತ್ತು.

ಕಾಂಗ್ರೆಸ್ ಕಳೆ ಕೀಳುವ ಕೆಲಸ ನಮ್ಮಿಬ್ಬರದಾಯಿತು. ಇದೂ ಹೊರಗಿನಿಂದ ಬಂದದ್ದೇ. ಕಳೆದ ಶತಮಾನದ ಐವತ್ತರ ದಶಕದಿಂದ ಈಚೆಗೆ ದೇಶದ ತುಂಬ ಹಬ್ಬಿತು. ಮೈಗೆ ತಗುಲಿದರೆ ಕೆಲವರಿಗೆ ತುರಿಕೆ, ಬೊಬ್ಬೆ. ಆದ್ದರಿಂದ ಕೈಗೆ ಬಟ್ಟೆ ಸುತ್ತಿಕೊಂಡು, ಹೂವು ಬಿಡುವ ಮೊದಲೇ, ಮಳೆಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಕೀಳುತ್ತಿದ್ದಂತೆ ಎಲೆಯ ಮೇಲೆ ಸಣ್ಣ ಸಣ್ಣ ದುಂಬಿಗಳು ಕಂಡವು. ಬೆನ್ನಿನ ಮೇಲೆ ಕಂದು ಗೆರೆ. ಈ ಕಳೆಯನ್ನೇ ಮೇಯುವ ಮೆಕ್ಸಿಕೋ ದೇಶದ ದುಂಬಿ ಇದು. 1984ರಲ್ಲಿ ವಿಜ್ಞಾನಿಗಳು ಬೆಂಗಳೂರಿನಲ್ಲಿ ಬಿಟ್ಟ ಇದರ ಸಂತತಿ ತಾನಾಗಿ ಹಬ್ಬಿ ನಮ್ಮ ಹಿತ್ತಲಿನವರೆಗೂ ಬಂದಿದೆ. ಯಾರೂ ಕೂಲಿ ಕೊಡದೆ ಕಳೆ ತೆಗೆಯುವ ಈ ಆಳುಗಳನ್ನು ನಾವು ಗಿಡದೊಡನೆ ಕಿತ್ತು ಸುಡುವುದು ಸರಿಯಲ್ಲವೆಂದು, ದುಂಬಿ ಮುತ್ತಿದ ಒಂದು ಮಗ್ಗುಲನ್ನು ಹಾಗೆಯೇ ಬಿಟ್ಟೆವು. ಅಷ್ಟರ ಮಟ್ಟಿಗೆ ನಮ್ಮ ಬೆನ್ನಿಗೂ ಬಿಡುವು ಸಿಕ್ಕಿತೆಂಬುದನ್ನು ಮುಚ್ಚಿಡುವುದಿಲ್ಲ.

ಜಗಳ ಹತ್ತಿದ್ದು ಪತ್ರೆಯ ಮರದ ಬಳಿ. ನಮ್ಮ ತಾಯಿಯವರು ನೆಟ್ಟ ಬಿಲ್ವ ಅದು. ಅದರ ಪತ್ರೆಯನ್ನು ಇಷ್ಟಲಿಂಗಕ್ಕೆ ಏರಿಸದೆ ಅವರು ನೀರು ಮುಟ್ಟಿದವರಲ್ಲ. ಈಗ ಅದರ ಎಳೆ ಎಲೆಗಳೆಲ್ಲ ಅಂಚು ತಿಂದು ಹರಿದಿದ್ದವು. ಹತ್ತಿರ ಹೋಗಿ ನೋಡಿದರೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಕಪ್ಪು ಬಿಳುಪು ಕಲೆ. ಕಡ್ಡಿಯಿಂದ ಮುಟ್ಟಿದೊಡನೆ ಆ ಕಲೆ ಮಿಸುಕಾಡಿತು! ಕಂಬಳಿಹುಳುವಿನಂತೆ ರೋಮವಿಲ್ಲ, ನುಣ್ಣಗಿನ ಮರಿಹುಳು. ದೊಡ್ಡವು ಎಲೆಯ ಹಸಿರು ಬಣ್ಣವನ್ನೇ ತಳೆದಿದ್ದವು. ಅವುಗಳನ್ನು ತಡವಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೋಡು ಹೊರಚಾಚಿ ಒಂದು ಬಗೆಯ ಘಾಟು ಬಿಡುತ್ತಿದ್ದವು.

ಪಕ್ಕದ ಮನೆಯ ಅಜ್ಜಿ ಪೌಳಿಯ ಮೇಲಿಂದಲೇ, "ಹತ್ತಿಗೆ ಹೊಡ್ಯೋ ಎಣ್ಣಿ ಐತಿ, ಕೊಡ್ಲೇನವ್ವಾ? ಒಂದು ಸಲ ಹೊಡದ್ರ ಎಲ್ಲಾ ಉದುರತಾವ" ಎಂದರು. ನಮ್ಮ ಮನೆಯವರು ಆ ಮಾತಿಗೆ ಒಪ್ಪಿ ಕೈ ನೀಡಿಯೇಬಿಟ್ಟಿದ್ದರು. "ಆ ಎಣ್ಣೆ ಹೊಡೆದ ಪತ್ರೆಯನ್ನು ನಾಳೆ ಅಂಗೈಯ ಲಿಂಗಕ್ಕೆ ಏರಿಸುವುದು ಹೇಗೆ?" ಎಂದು ನಾವು ಕೇಳಿದೆವು. "ತಿಂದ ಪತ್ರಿ ಏರಸೋದು ಹೆಂಗ, ಅದನ್ನ ಹೇಳ್ರಿ" ಎಂದು ಅವರು ತಿರುಗಿ ಕೇಳಿದರು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ನಿಂಬೆ, ಕರಿಬೇವು, ಬಿಲ್ವ ಒಂದೇ ಕುಲದ ಗಿಡಗಳು. ಹಳದಿ ಕಪ್ಪು ಚುಕ್ಕೆಯ ನಿಂಬೆ ಚಿಟ್ಟೆ ಮೊಟ್ಟೆಯಿಡುವುದು ಈ ಗಿಡಗಳ ಮೇಲೆಯೇ. ಸುಮಾರು ಒಂದು ತಿಂಗಳೊಳಗೆ ಹುಳು ಗೂಡಾಗಿ, ಗೂಡು ಚಿಟ್ಟೆಯಾಗಿ ಹಾರಿಹೋಗುತ್ತದೆ. ಅಷ್ಟರಲ್ಲಿ ಅರೆಪಾಲು ಹುಳುಗಳು ಹಕ್ಕಿಗಳ ಬಾಯಿಗೆ ಬಿದ್ದಿರುತ್ತವೆ. ದೊಡ್ಡ ಮರಕ್ಕೆ ಇದರಿಂದ ಏನೂ ಆಗದು ಎಂದು ಹೇಳಿದೆವು. ನಮ್ಮ ಮನೆಯವರು ಉತ್ತರ ಕೊಡದೆ ಎತ್ತರದ ಕೊಂಬೆಯಿಂದ ಕೆಡದ ಪತ್ರೆಗಳನ್ನು ಆರಿಸಿ ಬಿಡಿಸಿಕೊಂಡು ಒಂದು ವಸ್ತ್ರದಲ್ಲಿ ಸುತ್ತಿಟ್ಟರು. ಎಣ್ಣೆಯ ಬಾಟಲಿ ಪೌಳಿಯ ಆಚೆಯೇ ಉಳಿಯಿತು.

ಆ ರಾತ್ರಿ ಮನೆಯಲ್ಲಿಯೇ ತಂಗಿದೆವು. ಬೇವಿನ ಮರದಲ್ಲಿ ಹಾಲಕ್ಕಿಯೊಂದು ಹೊತ್ತು ಮುಳುಗಿದಾಗಿನಿಂದ ನುಡಿಯುತ್ತಿತ್ತು. ಅದು ಶಕುನ ಹೇಳುತ್ತದೆಂದು ಹಿರಿಯರು ನಂಬುತ್ತಿದ್ದರು. ಇಲಿಮರಿ, ಜೀರುಂಡೆ ಹಿಡಿದು ತಿನ್ನುತ್ತದೆಂಬುದನ್ನು ನಾವು ಕಣ್ಣಾರೆ ಕಂಡೆವು. ಮಲಗುವಾಗ ನಮ್ಮ ಮನೆಯವರು ಚಾಪೆ ಹಾಸಲು ಬಿಡಲಿಲ್ಲ. ಹಳೆಯ ಹೊರಸನ್ನು ಹೊರಗಿನಿಂದ ಹೊತ್ತು ತಂದು, ಬಳ್ಳಾರಿಯಿಂದ ತಂದಿದ್ದ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಒತ್ತಿದ ಮೇಲೆಯೇ ದೀಪ ಆರಿಸಿದರು. ಇದಕ್ಕೆ ಕಾರಣವುಂಟು, ಮುಂದೆ ಹೇಳುತ್ತೇವೆ.

ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಹಿತ್ತಲಿನಲ್ಲಿ ಹರಟೆಮಲ್ಲ ಹಕ್ಕಿಗಳ ಗದ್ದಲ ಎದ್ದಿತು. ಆರೇಳು ಒಟ್ಟಿಗೆ ತಿರುಗುವ, ನೆಲದ ತರಗೆಲೆ ಕೆದಕುವ ಈ ಬೂದು ಹಕ್ಕಿಗಳು ಯಾವಾಗಲೂ ಗಲಾಟೆಯವೇ. ಆದರೆ ಅಂದಿನ ಕೂಗು ಬೇರೆ. ಅಳಿಲೊಂದು ಬಾಲ ಕುಣಿಸುತ್ತ ಅವುಗಳ ಜೊತೆ ಚಿಟಗುಟ್ಟುತ್ತಿತ್ತು. ಎಲ್ಲವೂ ನೋಡುತ್ತಿದ್ದುದು ಮೂಲೆಯ ಹತ್ತಿಕಟ್ಟಿಗೆಯ ರಾಶಿಯನ್ನು. ಉರುವಲಿಗೆಂದು ತಾಯಿಯವರು ಒಟ್ಟಿಸಿದ ರಾಶಿ ಅದು. ಅಂದು ಅದನ್ನೇ ತೆಗೆಯಬೇಕೆಂದಿದ್ದೆವು. ಹುಡುಗರಲ್ಲಿ ಒಬ್ಬ ಮೇಲಿನ ಹೊರೆ ಎತ್ತಿದವನೇ ಹಿಂದೆ ಜಿಗಿದ. "ಮಾಸ್ತರ್ರೇ, ಸರೀರಿ, ಹಾವೈತಿ!"

ಮಾರುದ್ದ ಮೀರಿದ ಹಾವು. ಕ್ಷಣಮಾತ್ರದಲ್ಲಿ ಓಣಿಯ ಎಂಟು ಹತ್ತು ಜನ ಬಡಿಗೆಗಳೊಡನೆ ನೆರೆದರು. ವಾರದ ಹಿಂದೆ ಇವೇ ಮನೆಗಳಲ್ಲಿ ಪಂಚಮಿಯ ದಿನ ಕಲ್ಲಿನ ನಾಗಪ್ಪನಿಗೆ ಹಾಲು, ಅರಳು, ತಂಬಿಟ್ಟು ನಡೆದಿತ್ತು. ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಈ ಎರಡು ನಡತೆಯನ್ನು ಎದುರುಬದುರು ನಿಲ್ಲಿಸಿ ಹೇಳಿದ ವಚನ ನಮ್ಮ ಓದುಗರಿಗೆ ಕಂಠಪಾಠವಾಗಿರುವುದರಿಂದ ಇಲ್ಲಿ ಬರೆಯುವುದಿಲ್ಲ.

ನಾವು ದೂರದಿಂದ ನಿಟ್ಟಿಸಿದೆವು. ಹೆಡೆಯಿಲ್ಲ, ದೊಡ್ಡ ಕಣ್ಣು, ತುಟಿಯ ಮೇಲೆ ಕಪ್ಪು ಗೀರು, ಬಾಲದ ಕಡೆಗೆ ಕಪ್ಪು ಪಟ್ಟೆಗಳ ಬಲೆ. ಕೇರೆಹಾವು. ನಡುವಿನಲ್ಲಿ ಉಬ್ಬಿತ್ತು, ಹೆಗ್ಗಣವೋ ಇಲಿಯೋ ನುಂಗಿರಬೇಕು. ಇದಕ್ಕೆ ವಿಷವಿಲ್ಲ. ಬಾಲದಲ್ಲಿ ವಿಷವಿದೆ, ಆಕಳ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ, ನಾಗರಹಾವಿನೊಡನೆ ಕೂಡುತ್ತದೆ ಎಂಬುವೆಲ್ಲ ಕಟ್ಟುಕಥೆಗಳು. ಭತ್ತ ಬೆಳೆಯುವ ಸೀಮೆಯಲ್ಲಿ ಇಲಿ ಹಿಡಿಯುವ ರೈತನ ಬಂಟ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕೊಲ್ಲುವುದು ಅಪರಾಧವೂ ಹೌದು. ಕರಡಿ ನೋಡಲೆಂದು ಜನ ಗಾಡಿ ಮಾಡಿಕೊಂಡು, 1994ರಲ್ಲಿ ಸ್ಥಾಪಿತವಾದ ದರೋಜಿಯ ಕರಡಿಧಾಮಕ್ಕೆ ಹೋಗುತ್ತಾರೆ. ಹಿತ್ತಲಿಗೆ ತಾನಾಗಿ ಬಂದದ್ದಕ್ಕೆ ಬಡಿಗೆ ಎತ್ತುತ್ತಾರೆ. ಇದನ್ನೆಲ್ಲ ಮಾಸ್ತರಿಕೆಯ ದನಿಯಲ್ಲಿ ನಾವು ಹೇಳುತ್ತಿರುವಾಗ ಹಿಂದಿನಿಂದ ಒಂದು ಮಾತು ಬಂತು: "ಹೊಡೀರಿ ಅದನ್ನ."

ಹೇಳಿದವರು ನಮ್ಮ ಮನೆಯವರು.

ಅವರ ತವರು ಸಿರುಗುಪ್ಪ ಕಡೆಯ ಹಳ್ಳಿ. ಅವರು ಹದಿನಾರರ ಪ್ರಾಯದವರಿದ್ದಾಗ, ಒಂಬತ್ತು ವರ್ಷದ ತಂಗಿ ಸುಗ್ಗಿಯ ದಿನಗಳಲ್ಲಿ ಅವರ ಪಕ್ಕದಲ್ಲಿಯೇ ನೆಲದ ಮೇಲೆ ಮಲಗಿದ್ದವಳು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದಳು. ಗಾಯವಿಲ್ಲ, ಬಾವಿಲ್ಲ. ತಿಂದದ್ದು ಒಗ್ಗಿಲ್ಲವೆಂದು ಓಮಿನ ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣರೆಪ್ಪೆ ಎತ್ತಲಾರದಾದಳು. ನಿದ್ದೆ ಬಂದಿದೆ ಎಂದುಕೊಂಡರು. ಮಾತು ತೊದಲಿತು. ಮಂತ್ರ ಹಾಕುವವನನ್ನು ಕರೆಸಿ, ಆಮೇಲೆ ಬಂಡಿ ಕಟ್ಟುವ ಹೊತ್ತಿಗೆ ತಡವಾಗಿತ್ತು; ದವಾಖಾನೆ ಮುಟ್ಟುವ ಮೊದಲೇ ಮಗು ಹೋಯಿತು. ಹಾಸಿಗೆ ಕೊಡವಿದಾಗ ಕಟ್ಟುಹಾವು ಹೊರಬಿತ್ತು. ನಲವತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಇದನ್ನು ಅವರು ನಮಗೆ ಹೇಳಿದ್ದು ಎರಡೇ ಸಲ. ಅಂಥವರ ಮುಂದೆ ಕೇರೆಹಾವಿನ ಉಪಕಾರಗಳನ್ನು ಎಣಿಸುತ್ತ ನಿಂತ ನಮ್ಮ ನಾಲಿಗೆ ಅಲ್ಲಿಗೇ ನಿಂತಿತು.

ಬಡಿಗೆ ಹಿಡಿದವರು ಯಾರ ಮಾತು ಕೇಳಬೇಕೆಂದು ತೋಚದೆ ಇಬ್ಬರ ಮುಖ ನೋಡಿದರು. ಆ ಒಂದು ನಿಮಿಷದಲ್ಲಿ ಹಾವು ತನ್ನ ದಾರಿ ತಾನು ನೋಡಿಕೊಂಡಿತು. ರಾಶಿಯ ಅಡಿಯಿಂದ ಹರಿದು ಪೌಳಿಯ ಕಲ್ಲುಗಳ ಸಂದಿನ ಕಡೆಗೆ ನಡೆಯಿತು. ಒಬ್ಬ ಹುಡುಗ ಅಡ್ಡ ಹೋಗಲು ಮುಂದಾದಾಗ ನಮ್ಮ ಮನೆಯವರೇ, "ಬ್ಯಾಡ, ಬಿಡಪ್ಪಾ. ಹೋಗ್ಲಿ ಬಿಡು" ಎಂದರು. ಬಾಲದ ತುದಿ ಸಂದಿನಲ್ಲಿ ಮರೆಯಾಗುವವರೆಗೂ ಯಾರೂ ಅಲುಗಲಿಲ್ಲ. ಏಕೆ ಮನಸ್ಸು ಬದಲಿಸಿದಿರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಆ ಕಟ್ಟಿಗಿ ರಾಶಿ ಮಾತ್ರ ಇವತ್ತ ಇಲ್ಲಿಂದ ಹೋಗಬೇಕ್ರಿ" ಎಂದಷ್ಟೇ ನುಡಿದರು. ಮಧ್ಯಾಹ್ನದೊಳಗೆ ರಾಶಿ ಹೋಯಿತು. ಅಡಿಯಲ್ಲಿ ಇಲಿ ಬಿಲಗಳು ಏಳಿದ್ದವು. ಇಲಿಯಿದ್ದಲ್ಲಿಗೆ ಹಾವು ಬರುತ್ತದೆ, ಕಟ್ಟಿಗೆಯಿದ್ದಲ್ಲಿ ಇಲಿ ಸೇರುತ್ತದೆ. ಬಡಿಗೆಗಿಂತ ಕಸಬರಿಗೆಯೇ ಮನೆಯನ್ನು ಹೆಚ್ಚು ಕಾಯುವುದು ಹೀಗೆ.

ಮನೆ ಮನೆಗಳಿಗೆ ತಿಳಿದಿರಬೇಕಾದದ್ದರಿಂದ ಒಂದೆರಡು ಮಾತು ಸೇರಿಸುತ್ತೇವೆ. ನಮ್ಮಲ್ಲಿ ಹೆಚ್ಚಿನ ಸಾವಿಗೆ ಕಾರಣ ನಾಲ್ಕು ಹಾವುಗಳು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇವುಗಳಲ್ಲಿ ಕಟ್ಟುಹಾವು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು, ಕಚ್ಚಿದ್ದು ಅನೇಕ ವೇಳೆ ಗೊತ್ತೇ ಆಗುವುದಿಲ್ಲ. ಮಂಚ, ಅಂಚು ಒತ್ತಿದ ಸೊಳ್ಳೆಪರದೆ ಇವೇ ಅದಕ್ಕೆ ಕಾವಲು. ಬೆಳಗಿನ ಜಾವ ಕಾರಣವಿಲ್ಲದ ಹೊಟ್ಟೆನೋವಿನೊಡನೆ ರೆಪ್ಪೆ ಜೋತುಬಿದ್ದರೆ ಹಾವಿನ ಸಂಶಯ ಪಡಬೇಕು. ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ಹೀರುವುದು ಎಲ್ಲವೂ ಕೇಡು. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಿಸದೆ, ನೇರವಾಗಿ ವಿಷಮದ್ದು ಇರುವ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಈ ನಾಲ್ಕಕ್ಕೂ ಮದ್ದು ಒಂದೇ. ಯಾವ ಹಾವೆಂದು ತಿಳಿಯಲು ಅದನ್ನು ಹುಡುಕಿ ಕೊಂದು ಹೊತ್ತೊಯ್ಯುವ ಅಗತ್ಯವಿಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದೆ.

ಸಂಜೆ ಮುಂಚೆಯೇ ಬೀಗ ಹಾಕಿದೆವು. ಹೊರಡುವ ಮೊದಲು ಪಡಸಾಲೆಯ ತೊಲೆಯ ಸಂದಿಯಲ್ಲಿ ಗುಬ್ಬಿಯೊಂದು ಬಾಯಲ್ಲಿ ಹಸಿರು ಹುಳು ಹಿಡಿದು ಒಳಹೋದದ್ದನ್ನು ಕಂಡೆವು. ಅದು ನಮ್ಮ ಪತ್ರೆಯ ಮರದ್ದೇ ಇರಬಹುದು. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ಉಣಿಸುವುದು ಹುಳುವನ್ನೇ. ಕಾಂಕ್ರೀಟಿನ ಮನೆಯಲ್ಲಿ ಇಂಥ ಸಂದಿ ಎಲ್ಲಿಯದು? ಬಳ್ಳಾರಿಯ ನಮ್ಮ ಮನೆಗೆ ಗುಬ್ಬಿ ಬಂದು ಎಷ್ಟು ವರ್ಷವಾಯಿತೋ ನೆನಪಿಲ್ಲ.

ಬಳ್ಳಾರಿಯಲ್ಲಿ ಇಳಿದಾಗ ಕತ್ತಲಾಗಿತ್ತು. ಮನೆಗೆ ಹೋಗಿ ಒಲೆ ಹೊತ್ತಿಸುವ ತ್ರಾಣ ಇಬ್ಬರಲ್ಲಿಯೂ ಇರಲಿಲ್ಲ. ಹಾದಿಯಲ್ಲಿಯೇ ಇದ್ದ ಲಿಂಗಾಯತ ಖಾನಾವಳಿಯೊಂದಕ್ಕೆ ನುಗ್ಗಿದೆವು. ಖಾನಾವಳಿ ನಮಗೆ ಹೊಸದಲ್ಲ. ಶಿಕ್ಷಕರ ತರಬೇತಿಯ ಎರಡು ವರ್ಷ ತಿಂಗಳ ಲೆಕ್ಕದಲ್ಲಿ ಹಣ ಕೊಟ್ಟು ಉಂಡವರು ನಾವು. ಮಡದಿಯವರೊಡನೆ ಹೀಗೆ ಹೋದದ್ದು ಮಾತ್ರ ಅಪರೂಪ. ಹೊರಗೆ ಉಣ್ಣುವುದು ಅವರಿಗೆ ಎಂದೂ ಸೇರಿದ್ದಲ್ಲ. ಅಂದು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮೊಳಕೆ ಹೆಸರುಕಾಳು, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಎದುರಿಗೆ ಬಂದವು. ಅಡುಗೆಯ ಹೆಣ್ಣುಮಗಳು ಒಳಗಿನಿಂದಲೇ ಕೈಕಂಪನ ಗುರುತಿಸಿದವರಂತೆ ಬಂದು, "ಹೊಲದಾಗ ದುಡದು ಬಂದೀರೇನ್ರೀ ಅಕ್ಕಾ? ಇನ್ನೊಂದು ರೊಟ್ಟಿ ಹಾಕಸ್ಕೋರಿ" ಎಂದು ಉಪಚರಿಸಿದರು. ನಮ್ಮ ಮನೆಯವರು ಬೇಡವೆನ್ನಲಿಲ್ಲ. ನಾಲ್ಕು ರೊಟ್ಟಿ ಉಂಡರು. ನಾವು ಎಣಿಸಿದ್ದು ಅವರಿಗೆ ತಿಳಿದರೆ ಈ ಲೇಖನ ಅಚ್ಚಾಗುವುದು ಕಷ್ಟ.

ಮೊಸರನ್ನ ಕಲಸುತ್ತ ಅವರು ತಾವಾಗಿ ಮಾತೆತ್ತಿದರು. "ಆ ಗಿರಾಕಿಗೆ ಶ್ರಾವಣ ಮುಗದ ಕೂಡ್ಲೆ ಬರೋದು ಬ್ಯಾಡ ಅಂತ ಹೇಳ್ರಿ. ದೀಪಾವಳಿ ಆಗ್ಲಿ." "ದೀಪಾವಳಿಗೆ ಏನು ವಿಶೇಷ?" ಎಂದೆವು. "ಅಷ್ಟೊತ್ತಿಗೆ ಆ ಗುಬ್ಬಿಮರಿ ಹಾರಿಹೋಗಿರತಾವ. ಜಾಲಿ ಬುಡ ಇನ್ನೂ ಮೂರು ಅದಾವ. ಮತ್ತ..." ಎಂದು ಅರ್ಧಕ್ಕೇ ನಿಲ್ಲಿಸಿ ಮಜ್ಜಿಗೆ ತರಿಸಿದರು. ಮಗನಿಗೆ ಫೋನು ಮಾಡಿ ಏನೆಂದು ಹೇಳುವುದು ಎಂಬ ಯೋಚನೆ ನಮ್ಮದಾಯಿತು. ಜಾಗದ ಬೆಲೆ ದೀಪಾವಳಿಯ ತನಕ ಕಾಯುವುದೆಂದು ಯಾರೂ ಬರೆದುಕೊಟ್ಟಿಲ್ಲ. ಅವನಿಗೂ ಬೆಂಗಳೂರಿನಲ್ಲಿ ಮನೆಯ ಸಾಲವಿದೆ. ಗಿರಾಕಿಗೆ ಮರುದಿನ ಹೇಳಿ ಕಳಿಸಿದೆವು. ಮಗ ಇನ್ನೂ ಪೂರ್ತಿ ಒಪ್ಪಿಲ್ಲ.

ಸೋಮವಾರ ನಸುಕಿನಲ್ಲಿ ಸ್ನಾನ ಮುಗಿಸಿ ಪೂಜೆಗೆ ಕುಳಿತಿದ್ದೆವು. ಕುರುಗೋಡಿನಿಂದ ತಂದ ವಸ್ತ್ರದ ಗಂಟನ್ನು ಬಿಚ್ಚಿ ಪತ್ರೆ ಆರಿಸುತ್ತಿದ್ದ ನಮ್ಮ ಮನೆಯವರು ತಟ್ಟನೆ ಕೈ ಹಿಂದೆಗೆದರು. ಎಲೆಯ ಅಡಿಯಲ್ಲಿ ಹಸಿರು ಹುಳುವೊಂದು, ಮೂವತ್ತು ಕಿಲೋಮೀಟರು ನಮ್ಮೊಡನೆ ಪಯಣಿಸಿ ಬಂದದ್ದು, ಕೆಂಪು ಕೋಡು ಚಾಚಿ ಕುಳಿತಿತ್ತು. ಅವರು ಆ ಎಲೆಯನ್ನು ಹಾಗೆಯೇ ಅಂಗೈಯಲ್ಲಿಟ್ಟುಕೊಂಡು ಎದ್ದು, ಮಾಳಿಗೆಯ ಮೇಲಿನ ಕುಂಡದ ಕರಿಬೇವಿನ ಗಿಡಕ್ಕೆ ಬಿಟ್ಟು, ಕೈ ತೊಳೆದುಕೊಂಡು ಬಂದು ಕುಳಿತರು.